ಓತಿಕ್ಯಾತಗಳಿಗೆ ಚಳಿ

ಗೋಣಿತಾಟು ಸರಿಸಿ ಸುನಂದಮ್ಮ ಪೆಟ್ಟಿಗೆಗೆ ಬಗ್ಗಿ ನೋಡಿದಾಗ ಒಂದೇ ಒಂದು ಓತಿಕ್ಯಾತವೂ ಅಲ್ಲಾಡಲಿಲ್ಲ. ಬೇರೆ ದಿನವಾಗಿದ್ದರೆ ಬಾಗಿಲ ಚಿಲಕದ ಸದ್ದಿಗೇ ಕತ್ತೆತ್ತಿ ನೋಡುತ್ತಿದ್ದವು. ಗೆದ್ದಲು ಹಾಕುವ ಕೈ ಯಾವುದೆಂದು ಅವಕ್ಕೆ ಗೊತ್ತಿತ್ತು. ಇವತ್ತು ಬೆರಳುದ್ದದ ಮರಿಗಳೆಲ್ಲ ಮೈ ಕಪ್ಪಗೆ ಮಾಡಿಕೊಂಡು, ಕಣ್ಣು ಮುಚ್ಚಿ, ಕಡ್ಡಿಗಳಿಗೆ ಅಂಟಿಕೊಂಡು ಬಿದ್ದಿದ್ದವು. ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡಳು. ಕೆರೆದಂಡೆಯ ಕಲ್ಲಿನಷ್ಟು ತಣ್ಣಗಿತ್ತು. ಬೆನ್ನ ಮೇಲೆ ಸೊಸೆ ಪವಿತ್ರಾ ಗುರುತಿಗೆ ಇಟ್ಟಿದ್ದ ಬಿಳಿ ಬಣ್ಣದ ಚುಕ್ಕೆ ಮಾತ್ರ ಹಾಗೇ ಇತ್ತು.

"ಏನಾಯ್ತ್ರೋ ನಿಮ್ಗೆ, ನನ್ನಪ್ಪಂದಿರಾ," ಎಂದಳು ಸುನಂದಮ್ಮ. ಬೆರಳಿನಿಂದ ಹೊಟ್ಟೆ ಉಜ್ಜಿದಳು. ಬಾಯಿ ಹತ್ತಿರ ತಂದು ಉಸಿರು ಊದಿದಳು. ಮರಿ ಒಂದು ಕಾಲನ್ನು ಒಲ್ಲದ ಮನಸ್ಸಿನಿಂದ ಎಳೆದುಕೊಂಡಿತು, ಅಷ್ಟೆ.

ಗಾವಡಗೆರೆ ಕಡೆಯೆಲ್ಲ ಎರಡು ದಿನದಿಂದ ಜಡಿಮಳೆ ಹಿಡಿದಿತ್ತು. ಭಾನುವಾರ ಶುರುವಾದದ್ದು ಬಿಟ್ಟೂ ಬಿಡದೆ ಜಿನುಗಿ, ಮನೆಯ ಗೋಡೆಗಳಿಗೂ ಥಂಡಿ ಹತ್ತಿತ್ತು. ಹಿಂದಿನ ಸಂಜೆ ಊರಿನ ಟೀಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಢಂ ಎಂದು ಸುಟ್ಟುಹೋಗಿ ಪೆಟ್ಟಿಗೆಗಳ ಮೇಲಿನ ಬಲ್ಬುಗಳೆಲ್ಲ ಆರಿದ್ದವು. ಹುಣಸೂರಿನಿಂದ ಬೇರೆ ಟೀಸಿ ಬರಬೇಕು, ನಾಳೆಯೋ ನಾಳಿದ್ದೋ ಎಂದು ಹೇಳಿದ ಲೈನ್‌ಮನ್ ಮಳೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಪವಿತ್ರಾ ಕೆ.ಆರ್. ನಗರದ ಹುಡುಗಿ. ಓತಿಕ್ಯಾತದ ಮೇಲೆ ಡಾಕ್ಟರೇಟ್ ಮಾಡುತ್ತಾಳಂತೆ ಎಂದು ತಿಳಿದಾಗ ಊರಿನ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದರು. ಬೇಲಿ ಮೇಲೆ ಕಂಡರೆ ಹುಡುಗರು ಕಲ್ಲು ಹೊಡೆದು ಕೊಲ್ಲುವ ಪ್ರಾಣಿ ಅದು. ಅದಕ್ಕೊಂದು ಓದು, ಆ ಓದಿಗೊಂದು ಪದವಿ! ಪಕ್ಕದ ಮನೆಯ ಮರಮ್ಮನಂತೂ, "ನಿನ್ ಸೊಸೆ ಡಾಕ್ಟ್ರಾದ್‌ಮ್ಯಾಕೆ ನಮ್ ಬೇಲೀಗೂ ಒಂದ್ಕಿತ ಬಂದು ನಾಡಿ ನೋಡ್ಲಿ," ಎಂದು ನೀರು ಹಿಡಿಯುವ ಕಡೆ ಎಲ್ಲರೆದುರೇ ಅಂದಿದ್ದಳು.

ಸುನಂದಮ್ಮನಿಗೂ ಮೊದಲು ನಗು ಬಂದದ್ದು ನಿಜ. ಆದರೆ ಪವಿತ್ರಾ ಕೂತು ಹೇಳಿದಾಗ ಅವಳಿಗೆ ಎಲ್ಲ ಅರ್ಥವಾಯಿತು. ಒಂದೇ ತಾಯಿಯ ಮೊಟ್ಟೆಗಳನ್ನು ಮೂರು ಪಾಲು ಮಾಡಿ, ಒಂದನ್ನು ತಂಪಿನಲ್ಲಿ, ಒಂದನ್ನು ಹದವಾದ ಬಿಸಿಯಲ್ಲಿ, ಒಂದನ್ನು ಹೆಚ್ಚು ಬಿಸಿಯಲ್ಲಿ ಇಡುವುದು. ಯಾವುದು ಬೇಗ ಒಡೆಯುತ್ತದೆ, ಯಾವ ಮರಿ ಬಲಿಯುತ್ತದೆ ಎಂದು ನೋಡುವುದು. ಕೊನೆಗೆ ಮರಳು ಅಂಟಿಸಿದ ಉದ್ದ ಹಲಗೆಯ ಮೇಲೆ ಬಿಟ್ಟು ಯಾವುದು ಎಷ್ಟು ಜೋರಾಗಿ ಓಡುತ್ತದೆ ಎಂದು ಅಳೆಯುವುದು. "ಮುಂದೆ ಬಿಸಿಲು ಹೆಚ್ಚಾದ್ರೆ ಇವೆಲ್ಲ ಉಳೀತಾವಾ ಇಲ್ವಾ ಅಂತ ಗೊತ್ತಾಗುತ್ತೆ ಅತ್ತೆ," ಎಂದಿದ್ದಳು. ಸುನಂದಮ್ಮ ಈ ಮನೆಗೆ ಬಂದು ಮುದುಕಿಯಾಗುವ ತನಕ ಅವಳನ್ನು ಕೂರಿಸಿಕೊಂಡು 'ಇದು ಹೀಗ್ಯಾಕೆ ಗೊತ್ತಾ' ಎಂದು ಯಾರೂ ಮಾತಾಡಿಸಿರಲಿಲ್ಲ. ಒಲೆ, ಹೊಗೆಸೊಪ್ಪು, ಕೂಲಿಯವರು, ಊಟ, ಇಷ್ಟೇ ಮಾತು. ಅವತ್ತಿನಿಂದ ಅವಳು ಸೊಸೆಯ ಪಕ್ಷ.

ಹೊಗೆಸೊಪ್ಪು ವಿಂಗಡಿಸುವ ಕೋಣೆಯನ್ನೇ ಬಿಟ್ಟುಕೊಟ್ಟಳು. ಮೊದಲ ವರ್ಷ ಮೊಟ್ಟೆಗಳನ್ನು ಇರುವೆ ತಿಂದವು. ಎರಡನೇ ವರ್ಷ ಬೂಸಲು ಹಿಡಿದು ಹೋದವು. ಆಗ ಮಗ ಶಿವಶಂಕರ್, "ಸಾಕು ಬುಡು, ಇದೆಲ್ಲ ನಮ್ ಕೈಲಿ ಆಗೋದಲ್ಲ," ಎಂದು ಹೆಂಡತಿಗೆ ಹೇಳಿದ. ಪವಿತ್ರಾ ಉಣ್ಣದೆ ಮಲಗಿದಳು. "ನೀನ್ ನಾಕ್ ಸಲಿ ಬೋರ್ ಕೊರ್ಸುದ್ಯಲ್ಲ, ಆಗ ನಾನೇನಾರಾ ಸಾಕು ಅಂದ್ನಾ?" ಎಂದು ಮಗನ ಬಾಯಿ ಮುಚ್ಚಿಸಿದವಳು ಸುನಂದಮ್ಮ.

ಈ ವರ್ಷ ಮೊಟ್ಟೆಗಳು ಒಡೆದವು. ಮರಿಗಳು ಬದುಕಿದವು, ಬಲಿತವು. ಹಲಗೆಯ ಮೇಲೆ ಓಡಿಸುವುದೊಂದೇ ಬಾಕಿ. ಆದರೆ ವಿಶ್ವವಿದ್ಯಾಲಯ ಕೊಟ್ಟಿದ್ದ ಕಾಲ ಮುಗಿದಿತ್ತು. ಡಿಸೆಂಬರ್ ತನಕವಾದರೂ ಅವಕಾಶ ಕೊಡಿ ಎಂದು ಸಮಿತಿಯ ಮುಂದೆ ಕೇಳಿಕೊಳ್ಳಲು ಪವಿತ್ರಾ ಮೈಸೂರಿಗೆ ಹೋಗಿದ್ದಳು. "ಮರಿಗಳಿವೆ ಅಂತ ಧೈರ್ಯವಾಗಿ ಕೇಳ್ತೀನಿ. ಇವಿಲ್ಲದೆ ಇದ್ರೆ ಕೇಳೋಕೂ ಮುಖ ಇರ್ತಿರಲಿಲ್ಲ," ಎಂದು ಹೊರಡುವಾಗ ಹೇಳಿದ್ದಳು. ಬಾಗಿಲಲ್ಲಿ ನಿಂತು ಇನ್ನೊಂದು ಮಾತನ್ನೂ ಹೇಳಿದ್ದಳು: "ಕರೆಂಟ್ ಹೋದ್ರೆ ಗೋಣಿತಾಟು ಹೊದಿಸಿಬಿಡಿ ಅತ್ತೆ, ಸಾಕು. ಬೇರೆ ಏನೂ ಮಾಡೋದು ಬೇಡ."

ಏನೂ ಮಾಡದೆ ಇರುವುದೊಂದನ್ನು ಬಿಟ್ಟು ಸುನಂದಮ್ಮನಿಗೆ ಎಲ್ಲ ಕೆಲಸವೂ ಬರುತ್ತಿತ್ತು.

ಶಿವಶಂಕರ್ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕಿ, ತಲೆಗೆ ಪ್ಲಾಸ್ಟಿಕ್ ಚೀಲ ಹೊದ್ದುಕೊಂಡು ಓಡಿ ಬಂದ. ಅವ್ವನ ಅಂಗೈಯಲ್ಲಿದ್ದ ಮರಿಯನ್ನು ನೋಡಿ ಅವನ ಮುಖವೂ ಚಿಕ್ಕದಾಯಿತು.

"ವೋದ್ವಾ?"

"ಇನ್ನೂ ಜೀವ ಅದೆ ಕಣ್ಲಾ. ಇಂಗೇ ಬುಟ್ರೆ ಸಂಜೀಗಂಟ ಉಳಿಯಾಕಿಲ್ಲ."

"ಪವಿತ್ರಾಗ್ ಫೋನ್ ಮಾಡ್ಲಾ? ನನ್ ಫೋನಲ್ಲಿ ಒಸಿ ಚಾರ್ಜ್ ಅದೆ."

"ಬ್ಯಾಡ." ಸುನಂದಮ್ಮ ತಲೆಯಾಡಿಸಿದಳು. "ಮಧ್ಯಾನ್ನ ಅವ್ಳು ದೊಡ್ ಮನುಸ್ರ ಮುಂದೆ ನಿಂತ್ಕೊಂಡ್ ಮಾತಾಡ್ಬೇಕು. ಈಗ ಇದ್ನ ಯೋಳುದ್ರೆ ಅವ್ಳ ನಾಲ್ಗೆ ಒರಳ್ತದಾ? ನಾವೇ ಏನಾರಾ ಮಾಡುವಾ."

ಏನು ಮಾಡಬೇಕೆಂದು ಅವಳಿಗೆ ಆಗಲೇ ಹೊಳೆದಿತ್ತು. ಕೋಳಿಮರಿ ಥಂಡಿ ಹಿಡಿದು ತೂಕಡಿಸಿದರೆ ಬುಟ್ಟಿಯಲ್ಲಿಟ್ಟು ಒಲೆಯ ಮಗ್ಗುಲಿಗೆ ಇಡುವುದು ಅವಳ ಕೈಗೆ ಕೂತ ಕೆಲಸ. ಇಲ್ಲಿ ಒಲೆಗಿಂತ ಚೆನ್ನಾದದ್ದೇ ಇದೆ. ಶನಿವಾರ ಸಂಜೆ ತುಂಬಿದ ಬ್ಯಾರನ್ನಿನಲ್ಲಿ ಸೊಪ್ಪು ಇನ್ನೂ ಹಳದಿಗೆ ತಿರುಗಿ ಹಣ್ಣಾಗುವ ಹಂತದಲ್ಲಿತ್ತು. ಬಾಗಿಲ ಪಕ್ಕದ ಗಾಜಿನ ಕಿಂಡಿಯಲ್ಲಿ ಬಗ್ಗಿ ನೋಡಿದರೆ ಒಳಗೆ ತೂಗುಹಾಕಿದ ಥರ್ಮಾಮೀಟರು ತೊಂಬತ್ತೈದು ತೋರಿಸುತ್ತಿತ್ತು. ಪವಿತ್ರಾಳ ಬಿಸಿ ಪೆಟ್ಟಿಗೆಯಲ್ಲಿ ಇರುತ್ತಿದ್ದುದೂ ಹೆಚ್ಚುಕಮ್ಮಿ ಅಷ್ಟೇ. ಅದನ್ನು ಬ್ಯಾರನ್ನಿನ ಫ್ಯಾರನ್‌ಹೀಟ್ ಲೆಕ್ಕಕ್ಕೆ ತಿರುಗಿಸಿ ಹೇಳಿಕೊಟ್ಟವಳೂ ಪವಿತ್ರಾಳೇ.

ಮೂರೂ ಪೆಟ್ಟಿಗೆಗಳನ್ನು ಅವ್ವ ಮಗ ಸೇರಿ ಹೊತ್ತು ತಂದರು. ಶಿವಶಂಕರ್ ಬಾಗಿಲನ್ನು ಅರ್ಧ ತೆರೆದು ಹಿಡಿದುಕೊಂಡ. ಸುನಂದಮ್ಮ ತೂಗುವ ಸೊಪ್ಪಿನ ಕಡ್ಡಿಗಳ ಕೆಳಗೆ ಬಗ್ಗಿಕೊಂಡು ಹೋಗಿ, ಕಿಂಡಿಯಿಂದ ಕಾಣುವಂತೆ ನೆಲದ ಮೇಲೆ ಸಾಲಾಗಿ ಇಟ್ಟು ಬಂದಳು. ಪಾರದರ್ಶಕ ಪ್ಲಾಸ್ಟಿಕ್ಕಿನ ಪೆಟ್ಟಿಗೆಗಳು, ಮೇಲೆ ಜಾಲರಿಯ ಮುಚ್ಚಳ. ಒಳಗೆ ಹಸಿ ಸೊಪ್ಪು ಬೆವರುವ ಸಿಹಿ ವಾಸನೆ ಕಟ್ಟಿಕೊಂಡಿತ್ತು. ಬಾಗಿಲು ಹಾಕಿ, ಸಂದಿಗೆ ಗೋಣಿ ತುರುಕಿದರು.

ಒಂದು ಲೋಟ ಕಾಫಿ ಕುಡಿದು ಬಂದು ನೋಡುವ ಹೊತ್ತಿಗೆ ಮರಿಗಳು ಕಣ್ಣು ಬಿಟ್ಟಿದ್ದವು. ಇನ್ನೊಂದು ಸಲ ನೋಡಿದಾಗ ಮೈಯ ಕಪ್ಪು ಬಿಟ್ಟು ತಿಳಿ ಹಳದಿಗೆ ತಿರುಗಿದ್ದವು, ಕಡ್ಡಿ ಹತ್ತಿ ಕೂತು ಎಂದಿನಂತೆ ಕತ್ತು ಕುಣಿಸುತ್ತಿದ್ದವು. ಸುನಂದಮ್ಮನಿಗೆ ಕಿಂಡಿಯ ಎದುರೇ ಅಳು ಬಂತು. ಗಾಜಿಗೆ ಹಣೆ ಒತ್ತಿಕೊಂಡು ಮೂಗು ಒರೆಸಿಕೊಂಡಳು.

"ಶಂಕ್ರಾ, ಬಾರ್ಲಾ ಇಲ್ಲಿ! ಎದ್ ಕುಂತವೆ ಕಣೋ!"

ಶಿವಶಂಕರ್ ಬಗ್ಗಿ ನೋಡಿ ನಕ್ಕ. "ಓತಿಕ್ಯಾತದ್ ಡಾಕ್ಟ್ರು ಅವ್ಳಲ್ಲ ಕಣವ್ವ, ನೀನೇಯಾ," ಎಂದ. ಆ ಮಾತು ಸುನಂದಮ್ಮನ ಹೊಟ್ಟೆಯೊಳಗೆ ಬೆಲ್ಲದಂತೆ ಕರಗುತ್ತ ಕೂತಿತು. ಪವಿತ್ರಾ ಬಂದ ಮೇಲೆ ಇದನ್ನು ಹೇಗೆ ಹೇಳುವುದೆಂದು ಆಗಲೇ ಮಾತು ಜೋಡಿಸಿಕೊಳ್ಳತೊಡಗಿದಳು.

ಮಧ್ಯಾಹ್ನ ಊಟ ಮಾಡಿ ಶಿವಶಂಕರ್ ಸೌದೆ ತರಲು ಟ್ರ್ಯಾಕ್ಟರ್ ಹತ್ತಿ ಹೋದ. ಸುನಂದಮ್ಮ ಬ್ಯಾರನ್ನಿನ ಮುಂದೆ ಕೂತಳು. ಆ ಸುತ್ತಿನಲ್ಲಿ ಅವಳಷ್ಟು ಚೆನ್ನಾಗಿ ಸೊಪ್ಪು ಬೇಯಿಸುವವರು ಇರಲಿಲ್ಲ. ಗಂಡ ತೀರಿಕೊಂಡ ವರ್ಷದಿಂದ ಒಲೆ ಅವಳದೇ. ಇವತ್ತಿನವರೆಗೆ ಒಂದು ಬ್ಯಾರನ್ನೂ ಕೆಟ್ಟಿರಲಿಲ್ಲ. ಅದೊಂದು ಹೆಮ್ಮೆಯನ್ನು ಅವಳು ಬಾಯಿಬಿಟ್ಟು ಹೇಳದಿದ್ದರೂ ಊರೇ ಹೇಳುತ್ತಿತ್ತು.

ಕಿಂಡಿಯಲ್ಲಿ ಬಗ್ಗಿದಳು. ಕೆಳಸಾಲಿನ ಸೊಪ್ಪಿಗೆ ಬಣ್ಣ ಬಂದುಬಿಟ್ಟಿತ್ತು, ನಿಂಬೆಹಣ್ಣಿನ ಬಣ್ಣ. ಥಂಡಿ ಹವೆಯೆಂದು ಅವಳು ರಾತ್ರಿಯವರೆಗೆ ತಡೆಯುತ್ತದೆ ಅಂದುಕೊಂಡಿದ್ದಳು. ಬಣ್ಣ ಬಂದ ಮೇಲೆ ತಡ ಮಾಡುವಂತಿಲ್ಲ. ಬಿಸಿ ಏರಿಸಿ ಎಲೆಯ ನೀರು ಹೀರಿಸಬೇಕು. ಏರಿಸಲು ಶುರುಮಾಡಿದ ಮೇಲೆ ಬಾಗಿಲು ತೆರೆಯುವ ಮಾತೇ ಇಲ್ಲ. ಒಂದು ಸಲ ಹೊರಗಿನ ತಣ್ಣನೆ ಗಾಳಿ ನುಗ್ಗಿತೆಂದರೆ ಎಲೆಯೆಲ್ಲ ಕಂದು ಹೊಡೆಯುತ್ತದೆ. ಇದು ಈ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು. ಬೇಯುವ ಬ್ಯಾರನ್ನಿನ ಚಿಲಕ ಮುಟ್ಟಿದ ಮಗುವಿಗೆ ಏಟು ಬೀಳದೆ ಇರುವುದಿಲ್ಲ.

ಪೆಟ್ಟಿಗೆಗಳನ್ನು ಮೊದಲು ಈಚೆಗೆ ತಂದುಬಿಡಲೇ ಎಂದು ಒಂದು ಗಳಿಗೆ ಯೋಚಿಸಿದಳು. ತಂದರೆ ಎಲ್ಲಿ ಇಡುವುದು? ಮತ್ತೆ ಅದೇ ಥಂಡಿ ಕೋಣೆ. ಮಳೆ ನಿಂತಿಲ್ಲ, ಕರೆಂಟಿಲ್ಲ. ಮತ್ತೆ ಸೆಟೆದುಕೊಂಡು ಬೀಳುತ್ತವೆ. ಇದೇ ಓತಿಕ್ಯಾತಗಳು ಏಪ್ರಿಲ್ಲಿನ ಮಟಮಟ ಮಧ್ಯಾಹ್ನದಲ್ಲಿ ಗುಡ್ಡದ ಬಂಡೆಯ ಮೇಲೆ ಎದೆ ಉಬ್ಬಿಸಿ ಕೂತಿರುವುದನ್ನು ಅವಳು ಎಷ್ಟು ಸಲ ನೋಡಿಲ್ಲ! ಕಾಲಿಟ್ಟರೆ ಬೊಬ್ಬೆ ಬರುವ ಬಂಡೆ ಅದು. ಒಂದಿಷ್ಟು ಬಿಸಿ ಹೆಚ್ಚಾದರೆ ಇವಕ್ಕೇನು? ಎಷ್ಟು ಬೆಚ್ಚಗಿದ್ದರೆ ಅಷ್ಟು ಒಳ್ಳೆಯದು ಅಂದುಕೊಂಡಳು. ಬಂಡೆಯ ಮೇಲಿನದು ಸುಡತೊಡಗಿದಾಗ ಇಳಿದು ಪೊದೆಯ ನೆರಳಿಗೆ ಹೋಗುತ್ತದೆ ಎಂಬುದು ಅವಳಿಗೆ ತಿಳಿಯದ ಸಂಗತಿಯೇನಲ್ಲ. ಆ ಹೊತ್ತಿನಲ್ಲಿ ಅದು ನೆನಪಿಗೆ ಬರಲಿಲ್ಲ.

ಒಲೆಗೆ ಎರಡು ದಪ್ಪ ಬೊಡ್ಡೆ ತಳ್ಳಿದಳು. ಒಲೆಯ ಬಿಸಿಯನ್ನು ಒಳಗೆ ಒಯ್ಯುವ ಕೊಳವೆಗಳು ಟಕ್ ಟಕ್ ಎಂದು ಬಿಸಿಯಾಗತೊಡಗಿದವು. ಥರ್ಮಾಮೀಟರು ನೂರಕ್ಕೆ ಬಂತು, ಆಮೇಲೆ ನಿಧಾನವಾಗಿ ನೂರೈದಕ್ಕೆ.

ಮುಂದೆ ನೋಡಿದಾಗ ಮರಿಗಳು ಓಡುತ್ತಿದ್ದವು. ಮೂರೂ ಪೆಟ್ಟಿಗೆಗಳಲ್ಲಿ, ಈ ಮೂಲೆಯಿಂದ ಆ ಮೂಲೆಗೆ, ಗೋಡೆ ಹತ್ತಿ, ಜಾರಿ ಬಿದ್ದು, ಮತ್ತೆ ಎದ್ದು. ಇಷ್ಟು ಜೋರಾಗಿ ಅವು ಓಡಿದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಸುನಂದಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ. ಓಡಲಿ ಎಂದಲ್ಲವೇ ಆ ಹುಡುಗಿ ಮೂರು ವರ್ಷ ಕಷ್ಟಪಟ್ಟದ್ದು! "ಓಡ್ರಪ್ಪ ಓಡ್ರಿ, ನಮ್ ಹುಡ್ಗೀ ಮರ್ವಾದೆ ಉಳಿಸ್ರಿ," ಎಂದು ಗಾಜಿನ ಈಚೆ ನಿಂತು ಮಕ್ಕಳ ಓಟ ನೋಡುವವಳಂತೆ ನಕ್ಕಳು. ಜಾಲರಿಗೆ ಮೂತಿ ಒತ್ತಿ ಹಿಡಿದ ಮರಿಯೊಂದು ಬಾಯಿ ತೆರೆದಿತ್ತು. ಅದೂ ನಗುತ್ತಿದೆ ಎಂದೇ ಅವಳಿಗೆ ಕಂಡಿತು.

ಆಮೇಲೆ ಹಸುವಿನ ಹಾಲು ಕರೆಯಲು ಹೋದಳು. ಕೊಟ್ಟಿಗೆಯಲ್ಲಿ ನೀರು ಸೋರುತ್ತಿತ್ತು, ಕರುವನ್ನು ಆಚೆ ಕಟ್ಟಿದಳು. ಮರಮ್ಮ ಬೆಂಕಿಪೊಟ್ಟಣ ಕೇಳಲು ಬಂದವಳು ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಮಾತಾಡಿದಳು. ಇಷ್ಟೇ. ಬೇರೆ ಏನೂ ಆಗಲಿಲ್ಲ.

ಮರಳಿ ಬಂದು ಕಿಂಡಿಗೆ ಕಣ್ಣಿಟ್ಟಾಗ ಥರ್ಮಾಮೀಟರು ನೂರ ಹದಿನೆಂಟು ತೋರಿಸುತ್ತಿತ್ತು. ಪೆಟ್ಟಿಗೆಗಳಲ್ಲಿ ಓಟ ನಿಂತಿತ್ತು. ಮರಿಗಳೆಲ್ಲ ಒಂದೊಂದು ಪೆಟ್ಟಿಗೆಯ ಒಂದೇ ಮೂಲೆಯಲ್ಲಿ, ಒಂದರ ಮೇಲೊಂದು, ಬಾಯಿ ತೆರೆದುಕೊಂಡು ಬಿದ್ದಿದ್ದವು.

ಸುನಂದಮ್ಮ ಗೋಣಿ ಕಿತ್ತೆಸೆದು ಬಾಗಿಲನ್ನು ಪೂರಾ ತೆರೆದಳು. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಒಳಗೆ ಹೋಗಿ ಒಂದೊಂದೇ ಪೆಟ್ಟಿಗೆಯನ್ನು ಎಳೆದು ತಂದು ಮಳೆಗೆ ಹಿಡಿದಳು. ಜಾಲರಿಯ ಮೂಲಕ ಹನಿ ಬಿದ್ದು ಮರಿಗಳ ಮೈ ತೊಯ್ದಿತು. ಒಂದನ್ನು ಎತ್ತಿದಳು, ಅದು ಅಂಗೈಯಲ್ಲಿ ಬೆಚ್ಚಗೆ, ಮೆತ್ತಗೆ, ಬೆರಳುಗಳ ನಡುವಿನಿಂದ ಜೋತುಬಿತ್ತು. ಇನ್ನೊಂದನ್ನು ಎತ್ತಿದಳು. ಮತ್ತೊಂದನ್ನು. ಎಲ್ಲವನ್ನೂ ಎತ್ತಿ ಎತ್ತಿ ನೋಡಿದಳು. ಬೆಳಿಗ್ಗೆ ಒಂದು ಕಾಲಾದರೂ ಅಲ್ಲಾಡಿತ್ತು. ನಾನೇ ಕೊಂದೆ ಎಂದು ಅವಳಿಗೆ ಗೊತ್ತಾಯಿತು. ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ, ಆದರೆ ಇದನ್ನು ಮಾಡಿದ್ದು ನನ್ನ ಕೈ.

ಟ್ರ್ಯಾಕ್ಟರ್ ನಿಲ್ಲಿಸಿ ಬಂದ ಶಿವಶಂಕರನಿಗೆ ಮೊದಲು ಕಂಡದ್ದು ಹಾರುಹೊಡೆದ ಬ್ಯಾರನ್ನಿನ ಬಾಗಿಲು.

"ಯಾಕವ್ವ ತೆಗ್ದೆ? ಸೊಪ್ಪು ವೋಯ್ತಲ್ಲವ್ವ! ನೀನೇ ಇಂಗ್ ಮಾಡುದ್ರೆ..." ಎಂದು ಕೂಗಿದವನು ಅವ್ವ ಕೆಸರಿನಲ್ಲಿ ಕೂತಿದ್ದ ರೀತಿ ನೋಡಿ, ಹೋಗಿ ಬಾಗಿಲು ಹಾಕಿದ. ಅವಳನ್ನು ತೋಳು ಹಿಡಿದು ಎಬ್ಬಿಸಿ ಜಗುಲಿಯ ಮೇಲೆ ಕೂರಿಸಿದ. ಪೆಟ್ಟಿಗೆಗಳನ್ನೂ ತಂದು ಪಕ್ಕದಲ್ಲಿಟ್ಟ.

"ಅವ್ಳಿಗೆ ಏನಂತ ಯೋಳ್ಲೋ," ಎಂದಳು ಸುನಂದಮ್ಮ.

"ಕರೆಂಟ್ ವೋಗಿತ್ತು. ಚಳೀಗ್ ಸತ್ವು. ಅಷ್ಟೇಯಾ."

"ಸುಳ್ಳ?"

"ಟೀಸಿ ಸುಟ್ಟಿದ್ದು ಸುಳ್ಳಾ? ಚಳಿ ಇದ್ದದ್ದು ಸುಳ್ಳಾ? ನೀನ್ ಬೇಯಿಸ್ದೆ ಅಂತ ಗೊತ್ತಾದ್ರೆ ಅವ್ಳ್ ನಿನ್ ಮಕ ನೋಡ್ತಾಳಾ ಇನ್ಮ್ಯಾಲೆ? ದೇವ್ರು ಮಾಡಿದ್ದು ಅಂದ್ಕಂಡ್ರೆ ಅತ್ತು ಸುಮ್ಕಾಯ್ತಾಳೆ. ಬುಡವ್ವ."

ಸುನಂದಮ್ಮ ಬೇಡ ಅನ್ನಲಿಲ್ಲ. ಆ ಹುಡುಗಿ ಮುಖ ತಿರುಗಿಸಿಕೊಂಡು ಓಡಾಡುವ ಮನೆಯೊಂದನ್ನು ಅವಳು ಕಣ್ಣೆದುರಿಗೆ ತಂದುಕೊಂಡಳು. ಅದನ್ನು ತಾಳುವ ಶಕ್ತಿ ಅವಳಲ್ಲಿ ಇರಲಿಲ್ಲ. ಮರಿಗಳ ಮೈ ಒರೆಸಿ, ಚುಕ್ಕೆ ನೋಡಿಕೊಂಡು, ಎಂದಿನ ಕಡ್ಡಿಗಳ ಪಕ್ಕದಲ್ಲಿ ಮಲಗಿಸಿದಳು. ತೆರೆದ ಬಾಯಿಗಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಹಿಡಿದು ಮುಚ್ಚಿಸಿದಳು. ಸೆಟೆದುಕೊಳ್ಳುವ ತನಕ ಹಿಡಿದೇ ಕೂರಬೇಕಾಯಿತು. ಹಾಗೆ ಹಿಡಿದು ಕೂತಾಗ ಅವಳು ಅಳಲೂ ಇಲ್ಲ.

ಮಾರನೆಯ ದಿನ ಮಳೆ ಹೊಳವಾಯಿತು. ಮಧ್ಯಾಹ್ನದ ಹೊತ್ತಿಗೆ ಮೋಡ ಒಡೆದು ತೆಳು ಬಿಸಿಲೂ ಬಂತು. ಶಿವಶಂಕರ್ ಬಸ್ಸಿನ ಹತ್ತಿರ ಹೋಗಿ ಹೆಂಡತಿಯನ್ನು ಬೈಕಿನಲ್ಲಿ ಕರೆತಂದ. ದಾರಿಯಲ್ಲಿ ಅವನೇನೂ ಹೇಳಿರಲಿಲ್ಲ. ಪವಿತ್ರಾ ಅಂಗಳದಲ್ಲೇ ಚಪ್ಪಲಿ ಬಿಟ್ಟು ಓಡಿ ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಡಿಸೆಂಬರ್ ತನಕ ಕೊಟ್ರು ಅತ್ತೆ! ಫೋಟೋ ತೋರಿಸಿದೆ, ಮರಿಗಳದ್ದು. ಎಲ್ರೂ ಎದ್ದು ಬಂದು ನೋಡಿದ್ರು. ಯಾರು ನೋಡ್ಕೊಳ್ತಾ ಇದ್ದಾರೆ ಈಗ ಅಂತ ಕೇಳಿದ್ರು. ನಮ್ಮತ್ತೆ ಅಂದೆ."

ಸುನಂದಮ್ಮ ಮಗನ ಕಡೆ ನೋಡಿದಳು. ಅವನು ಬೈಕಿನ ಚಕ್ರದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿದ್ದ.

"ಕರೆಂಟ್ ವೋಗಿತ್ತು ಕಣವ್ವ," ಎಂದಳು. "ಟೀಸಿ ಸುಟ್ಟೋಯ್ತು. ಥಂಡಿ ಜಾಸ್ತಿ ಆಯ್ತು. ನಿನ್ ಮರಿಗೋಳು... ಚಳೀಗೆ... ಒಂದೂ ಉಳೀಲಿಲ್ಲ ಕಣವ್ವ."

ಪವಿತ್ರಾ ಕೈ ಬಿಟ್ಟು ಕೋಣೆಗೆ ಓಡಿದಳು. ಸುನಂದಮ್ಮ ಅಳುವಿನ ಸದ್ದಿಗಾಗಿ ಕಾದಳು. ಬಂದದ್ದು ನಗು. ದೊಡ್ಡ ನಗುವಲ್ಲ, ಎದೆ ಹಗುರಾದವರ ನಗು. ಪವಿತ್ರಾ ಒಂದು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದಳು.

"ಅಯ್ಯೋ ಅತ್ತೆ, ನನ್ನ ಜೀವಾನೇ ತೆಗೆದುಬಿಟ್ರಿ! ಈ ಚಳಿಗೆಲ್ಲ ಇವು ಸಾಯಲ್ಲ. ಸೆಟೆದುಕೊಂಡು ಬಿದ್ದಿರ್ತವೆ, ಸತ್ತ ಹಾಗೇ ಕಾಣ್ತವೆ. ನಾನೇ ಮೊದಲನೇ ಸಲ ನೋಡಿದಾಗ ಹೆದರಿಕೊಂಡಿದ್ದೆ. ಇವುಕ್ಕೆ ನಮ್ಮ ಥರ ಒಳಗೆ ಬಿಸಿ ಇರಲ್ಲ, ಹೊರಗಿಂದ ತಗೋಬೇಕು. ಬಿಸಿಲಿಗಿಟ್ರೆ ನಿಧಾನಕ್ಕೆ ಏಳ್ತವೆ. ನಾನು ನಿಮಗೆ ಇದನ್ನ ಹೇಳಿ ಹೋಗಬೇಕಿತ್ತು, ನನ್ನದೇ ತಪ್ಪು. ರಾತ್ರಿಯೆಲ್ಲ ಎಷ್ಟು ಸಂಕಟಪಟ್ರೋ ಏನೋ!"

ಸುನಂದಮ್ಮನಿಗೆ ಅನ್ನಿಸಿತು, ಈಗ ಹೇಳಬೇಕು. ಈಗಲೇ. "ಪವಿತ್ರಾ," ಎಂದಳು. ಸೊಸೆ ಆಗಲೇ ಎರಡನೇ ಪೆಟ್ಟಿಗೆ ತರಲು ಒಳಗೆ ಹೋಗಿದ್ದಳು. ಶಿವಶಂಕರ್ ಯಾರ ಮುಖವನ್ನೂ ನೋಡದೆ ಬೈಕ್ ಸ್ಟಾರ್ಟ್ ಮಾಡಿ, ಸೌದೆಯವರನ್ನು ನೋಡಿ ಬರುತ್ತೇನೆ ಎಂದು ಹೊರಟೇ ಹೋದ.

ಮೂರು ಪೆಟ್ಟಿಗೆಗಳನ್ನೂ ಅಂಗಳದ ನಡುವೆ, ಬಿಸಿಲು ಬಿದ್ದಿದ್ದ ಕಡೆ, ಪವಿತ್ರಾ ಸಾಲಾಗಿ ಇಟ್ಟಳು. ಮುಚ್ಚಳ ತೆಗೆದಳು. ಮಣೆಯೊಂದನ್ನು ತಂದು ಕೂತು, ಮರಿಗಳನ್ನು ಒಂದೊಂದಾಗಿ ತಿರುಗಿಸಿ ಬೆನ್ನಿಗೆ ಬಿಸಿಲು ತಾಗುವಂತೆ ಮಲಗಿಸಿದಳು. ಬಿಸಿಲು ತೆಳುವಾಗಿತ್ತು, ಆಗಾಗ ಮೋಡ ಅಡ್ಡ ಬರುತ್ತಿತ್ತು. ಬಂದಾಗಲೆಲ್ಲ ಅವಳು ತಲೆಯೆತ್ತಿ ಅದು ಸರಿಯುವ ತನಕ ನೋಡುತ್ತಿದ್ದಳು.

"ಅರ್ಧ ಗಂಟೆ ಬೇಕಾಗುತ್ತೆ ಅತ್ತೆ. ಇವತ್ತು ಬಿಸಿಲು ಸಾಲದು, ಇನ್ನೂ ಸ್ವಲ್ಪ ಹೊತ್ತೇ ಹಿಡೀಬಹುದು. ಮೊದಲು ಬಣ್ಣ ತಿರುಗುತ್ತೆ, ಆಮೇಲೆ ಕಣ್ಣು ಬಿಡ್ತವೆ. ನೋಡ್ತಾ ಇರಿ."

ಸುನಂದಮ್ಮ ಅವಳ ಹಿಂದೆ ನಿಂತಿದ್ದಳು. ಸೊಸೆಯ ಬಾಚಿದ ತಲೆ, ಪ್ರಯಾಣದಲ್ಲಿ ಬಾಡಿದ ಮಲ್ಲಿಗೆ, ಬಗ್ಗಿದ ಕತ್ತಿನ ಎಲುಬು ಕಾಣುತ್ತಿತ್ತು. ಹೇಳಬೇಕಾದ ಮಾತು ಬಹಳ ಚಿಕ್ಕದು. ಅದನ್ನು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಯಾಗಿತ್ತು. ಬಾಯಿ ತೆರೆದಳು, ಮುಚ್ಚಿದಳು. ಇದಕ್ಕಿಂತ ಸೊಸೆಯೇ ತನ್ನ ಕೆನ್ನೆಗೆ ಎರಡು ಬಿಗಿದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಅನ್ನಿಸಿತು.

ಬಿಸಿಲು ಅಂಗಳದಲ್ಲಿ ಮೆಲ್ಲಗೆ ಸರಿಯಿತು. ಪವಿತ್ರಾ ಪೆಟ್ಟಿಗೆಗಳನ್ನು ಅದರ ಜೊತೆಗೇ ಸರಿಸಿದಳು. ಒಂದು ಮರಿಯ ಬೆನ್ನನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, "ಮೈ ಬೆಚ್ಚಗಾಯ್ತು," ಎಂದಳು. ಎದ್ದು ಒಳಗೆ ಹೋಗಿ ಓಡಿಸುವ ಹಲಗೆಯನ್ನು ಹೊರಗೆ ತಂದು, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಗೋಡೆಗೆ ಒರಗಿಸಿದಳು. ಮತ್ತೆ ಬಂದು ಮಣೆಯ ಮೇಲೆ ಕೂತಳು.

ಸುನಂದಮ್ಮ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. ಪವಿತ್ರಾ ಕಣ್ಣು ಪೆಟ್ಟಿಗೆಯಿಂದ ಎತ್ತದೆ, ಮೃದುವಾಗಿ ಹೇಳಿದಳು:

"ಅತ್ತೆ, ನಿಮ್ಮ ನೆರಳು ಬೀಳ್ತಾ ಇದೆ ಇವುಗಳ ಮೇಲೆ. ಸ್ವಲ್ಪ ಆ ಕಡೆ ನಿಂತ್ಕೊಳ್ತೀರಾ?"

ಸುನಂದಮ್ಮ ಆ ಕಡೆ ಸರಿದು ನಿಂತಳು.